ತಪ್ಪು ಬರೆದಿಡುವ ಪುಸ್ತಕ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮ ಕಾಕಾನ ಮೆಡಿಕಲ್ ಅಂಗಡಿ ಇದೆ. ಶಾಲೆ ಬಿಟ್ಟ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಬೆಳೆದವಳು ನಾನು. ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಬರೆದದ್ದು ನೋಡಿ ಗುಳಿಗೆ ತೆಗೆದು ಲೇಬಲ್ ಅಂಟಿಸುವುದು ನನ್ನ ಕೆಲಸ.

ಹೋದ ವರ್ಷ ಅವ್ವನಿಗೆ ಹೀಗಾಯಿತು. ಅವಳದು ಶುಗರ್ ಗುಳಿಗೆ, ಗ್ಲಿಮೆಪಿರೈಡ್ 1 ಮಿಲಿಗ್ರಾಂ. ಅಂದು ಕಾಕಾನ ಅಂಗಡಿ ಮುಚ್ಚಿತ್ತು. ಬೇರೆ ಕಡೆ ತಂದರು. ಸ್ಟ್ರಿಪ್ ಕತ್ತರಿಸಿ ಆರು ಗುಳಿಗೆ ಕೊಟ್ಟಿದ್ದರು. ಎಷ್ಟು ಮಿಲಿಗ್ರಾಂ, ಯಾವ ಬ್ಯಾಚು, ಯಾವಾಗ ಅವಧಿ ಮುಗಿಯುತ್ತದೆ ಎಂದು ಅಚ್ಚಾಗಿದ್ದ ತುಂಡು ಅಂಗಡಿಯಲ್ಲೇ ಉಳಿಯಿತು. ಮೂರನೇ ದಿನ ಶುಗರ್ ತೀರಾ ಇಳಿದು ಅವ್ವ ಬೆವರಿ, ಕೈ ನಡುಗಿ ಕುಸಿದಳು. ವೈನಿ ಸಕ್ಕರೆ ನೀರು ಕುಡಿಸಿದ್ದಕ್ಕೆ ಉಳಿದಳು. ಅಣ್ಣ ಹೋಗಿ ಕೇಳಿದ. ಕೊಟ್ಟದ್ದು 2 ಮಿಲಿಗ್ರಾಂ. "ಎಲ್ಲಾ ಒಂದೇ ರೀ, ನಡೀತದ" ಅಂದರಂತೆ.

ಗುಳಿಗೆ ಬದಲಾಗಿದ್ದಕ್ಕಿಂತ ಆ ಮಾತು ನನಗೆ ಜಾಸ್ತಿ ನೋಯಿಸಿತು. ಯಾಕೆಂದರೆ ನನ್ನ ಕೈಯೂ ತಪ್ಪುತ್ತದೆ. ಲೆಸ್ಟರ್‌ನಲ್ಲಿ ಪ್ರೊಪ್ರನೊಲಾಲ್, ಪ್ರೆಡ್ನಿಸೊಲೋನ್ ಡಬ್ಬಗಳು ಅಕ್ಕಪಕ್ಕ ಬಂದಾಗ ಎಷ್ಟೋ ಸಲ ಕೈ ತಪ್ಪು ಡಬ್ಬಕ್ಕೆ ಹೋಗಿದೆ. ಒಂದು ಬಿಪಿ, ಎದೆ ಬಡಿತಕ್ಕೆ. ಇನ್ನೊಂದು ಸ್ಟೀರಾಯ್ಡ್. ಆದರೆ ನಾನು ತೆಗೆದಿಟ್ಟದ್ದು ನೇರವಾಗಿ ಗಿರಾಕಿಯ ಕೈಗೆ ಹೋಗುವುದಿಲ್ಲ. ಲೇಬಲ್ ಮೇಲೆ ಎರಡು ಚಿಕ್ಕ ಚೌಕ ಇರುತ್ತವೆ. ಒಂದರಲ್ಲಿ ತೆಗೆದವರ ಸಹಿ, ಇನ್ನೊಂದರಲ್ಲಿ ನೋಡಿದವರ ಸಹಿ. ಎರಡನೇ ಕಣ್ಣಿಗೆ ತಪ್ಪು ಸಿಕ್ಕರೆ ಒಂದು ಪುಸ್ತಕದಲ್ಲಿ ಬರೆಯುತ್ತೇವೆ. ಯಾವ ಗುಳಿಗೆ, ಎಷ್ಟು ಗಂಟೆಗೆ, ಯಾಕೆ ಹಾಗಾಯಿತು. ತಿಂಗಳಿಗೊಮ್ಮೆ ಎಲ್ಲರೂ ಕೂತು ಓದುತ್ತೇವೆ. ಹೀಗೇ ಓದಿ ಆ ಎರಡು ಡಬ್ಬಗಳನ್ನು ಬೇರೆ ಬೇರೆ ಕಪಾಟಿಗೆ ಹಾಕಿದೆವು.

ಅಲ್ಲಿಯವರೇನು ಹುಟ್ಟಿನಿಂದ ಹೀಗೆ ಇರಲಿಲ್ಲ. ಇದೇ ಎರಡು ಔಷಧಿ ಅದಲು ಬದಲಾಗಿದ್ದಕ್ಕೆ 2009ರಲ್ಲಿ ಒಬ್ಬ ಫಾರ್ಮಸಿಸ್ಟ್ ಕೋರ್ಟಿನಲ್ಲಿ ಅಪರಾಧಿ ಎನಿಸಿಕೊಂಡರು. ಅದರಿಂದ ಎಲ್ಲರಿಗೂ ಹೆದರಿಕೆ ಹತ್ತಿತು. ಹೆದರಿದವರು ಬಾಯಿ ಬಿಡುವುದಿಲ್ಲ ಅಲ್ವಾ? ಕೊನೆಗೆ 2018ರಲ್ಲಿ ಕಾನೂನು ಬದಲಾಯಿತು. ಬೇಕಂತಲೇ ಅಲ್ಲದೆ ಕೈತಪ್ಪಿ ಆದದ್ದನ್ನು ಮುಚ್ಚಿಡದೆ ಹೇಳಿದರೆ ಕ್ರಿಮಿನಲ್ ಕೇಸಿನಿಂದ ರಕ್ಷಣೆ ಸಿಗುವ ದಾರಿ ಮಾಡಿದರು.

ನಮ್ಮಲ್ಲಿ ಕಾನೂನೇ ಇಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 1948ರ ಫಾರ್ಮಸಿ ಕಾಯ್ದೆ ಇದೆ. ಡಾಕ್ಟರ್ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಕಣ್ಣೆದುರೇ ಕೊಡಬೇಕು. 2014ರಿಂದ ಎಚ್‌1 ಪಟ್ಟಿಯ, ಅಂದರೆ ಕೆಲವು ಆಂಟಿಬಯಾಟಿಕ್, ಟಿಬಿ, ಚಟ ಹಿಡಿಸುವಂಥ ಔಷಧಿಗಳಿಗೆ ಬೇರೆ ರಿಜಿಸ್ಟರ್ ಇಡಬೇಕು, ಮೂರು ವರ್ಷ ಕಾಯ್ದಿಡಬೇಕು. ಆದರೆ ಗೋಡೆ ಮೇಲಿನ ಸರ್ಟಿಫಿಕೇಟ್ ಒಬ್ಬರದು, ಕೌಂಟರ್‌ನಲ್ಲಿ ನಿಂತ ಹುಡುಗ ಇನ್ನೊಬ್ಬ ಆದರೆ ಆ ಕಾಯ್ದೆ ಅವ್ವನಿಗೆ ಏನು ಮಾಡೀತು?

ಕಾಕಾನ ಹತ್ತಿರ ಇರುವುದು ಲೆಸ್ಟರ್‌ನಲ್ಲಿ ಇಲ್ಲ, ಅದನ್ನೂ ಹೇಳಬೇಕು. ಅಲ್ಲಿ ನಾವು ಹೆಸರು, ವಿಳಾಸ ಕೇಳಿಯೇ ಚೀಲ ಕೊಡುತ್ತೇವೆ. ಕಾಕಾ ಮುಖ ನೋಡಿಯೇ ಹೇಳುತ್ತಾನೆ, "ನಿಮ್ಮ ಅಪ್ಪಗ ಈ ಗುಳಿಗಿ ಆಗಿಬರಂಗಿಲ್ಲ, ಮೈಮ್ಯಾಲೆ ಗಂಧಿ ಎದ್ದಿದ್ದವು, ಡಾಕ್ಟ್ರಿಗಿ ಹೇಳು." ದುಡ್ಡಿಲ್ಲದಿದ್ದರೂ ಬರಿಗೈಲಿ ಕಳಿಸುವುದಿಲ್ಲ. ಆದರೆ ಆ ನೆನಪೆಲ್ಲ ಅವನ ತಲೆಯಲ್ಲಿದೆ. ಅವನು ಮದುವೆಗೆ ಆಳಂದಕ್ಕೆ ಹೋದ ದಿನ ಅಂಗಡಿಯಲ್ಲಿ ಅದು ಇರುವುದಿಲ್ಲ.

ಫ್ರಿಜ್ಜಿನ ಮಾತು ಬೇರೆ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಲೆಸ್ಟರ್‌ನಲ್ಲಿ ದಿನಾ ಬರೆಯುತ್ತೇವೆ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಬಿಸಿಲು 42 ದಾಟುತ್ತದೆ, ಕರೆಂಟು ಹೋಗುತ್ತದೆ. ಬರೆದಿಡುವ ಅಗತ್ಯ ಯಾರಿಗೆ ಜಾಸ್ತಿ? ಇದಕ್ಕೆ ಗಾಜಿನ ಬಾಗಿಲು, ಎಸಿ ಬೇಕಿಲ್ಲ. ಒಂದು ಥರ್ಮಾಮೀಟರ್, ಒಂದು ಪೆನ್ನು ಸಾಕು.

ಡಿಸೆಂಬರ್‌ನಲ್ಲಿ ಹೋದಾಗ ಕಾಕಾನಿಗೆ ಥರ್ಮಾಮೀಟರ್ ಜೊತೆ ತಪ್ಪು ಬರೆದಿಡಲು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಗೆರೆ ಹಾಕಿ ತೋರಿಸಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

"ನಲವತ್ತು ವರ್ಷದಾಗ ಆಗಿಲ್ಲ ಅಂತಲ್ಲವ್ವ. ಹೇಳಿದ್ರ ಗಿರಾಕಿ ಬರ್ತಾರೇನು?"

ಅವ್ವನ ವಿಷಯ ಹೇಳಿದೆ. ಆ ಅಂಗಡಿಯವರು "ತಪ್ಪಾತ್ರಿ" ಅಂದಿದ್ದರೆ ಅಣ್ಣ ಮತ್ತೆ ಅಲ್ಲಿಗೇ ಹೋಗುತ್ತಿದ್ದ.

ಕಾಕಾ ಪೆನ್ನಿನ ಮುಚ್ಚಳ ತೆಗೆದ. "ಹುಡುಗನ ಹೆಸರು ಬರೀಬೇಕೇನು?"

"ಬ್ಯಾಡ ಕಾಕಾ. ಗುಳಿಗಿ ಹೆಸರು ಸಾಕು."