ಒಬ್ಬರಿಗೆ ಒಂದೇ ದ್ರಾಕ್ಷಿ

ಹೋದ ಶುಕ್ರವಾರ ಸರಿಯಾಗಿ ಊಟದ ಹೊತ್ತಿಗೆ ನಮ್ಮ ಆಫೀಸಿನಲ್ಲಿ ಮನಸ್ಸಿಗೆ ತರಬೇತಿ ಇತ್ತು. ದುಃಖ ಕಡಿಮೆ ಮಾಡಿಕೊಂಡು ಸಂತೋಷವಾಗಿರುವುದು ಹೇಗೆ ಅಂತ. ಹಾಜರಿ ಕಡ್ಡಾಯ. ಸಹಿ ಹಾಕದವರಿಗೆ ಸಂತೋಷವಾದರೂ ಅದು ಲೆಕ್ಕಕ್ಕಿಲ್ಲ.

ತರಬೇತಿಗೆ ಬಂದಿದ್ದ ಬಿಳಿ ಜುಬ್ಬಾದ ಯುವಕರೊಬ್ಬರು ಎಲ್ಲರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಇಟ್ಟರು. "ತಿನ್ನಬೇಡಿ, ನೋಡಿ" ಅಂದರು. ನೋಡಿದೆವು. ಸುಕ್ಕು ಎಣಿಸಿದೆವು, ಮೂಸಿದೆವು, ಕಿವಿಗೆ ಹಿಡಿದು ಏನಾದರೂ ಹೇಳುತ್ತದಾ ಅಂತ ಕೇಳಿದೆವು. ಹತ್ತು ನಿಮಿಷದ ಮೇಲೆ ಬಾಯಿಗೆ ಹಾಕಿಕೊಳ್ಳಲು ಅಪ್ಪಣೆಯಾಯಿತು. ಅಗಿಯಲು ಇನ್ನೂ ಆಗಿರಲಿಲ್ಲ.

ನನ್ನ ಪಕ್ಕದಲ್ಲಿದ್ದ ಅಕೌಂಟ್ಸಿನ ರಾಯರು ಮಾತ್ರ ಕೊಟ್ಟ ತಕ್ಷಣ ನುಂಗಿಬಿಟ್ಟಿದ್ದರು. ಶುಗರ್ ಮನುಷ್ಯ, ಊಟ ತಡವಾದರೆ ತಲೆ ತಿರುಗುತ್ತದೆ.

"ಸಾರ್, ಇನ್ನೊಂದು ಸಿಗುತ್ತಾ?"

"ಒಬ್ಬರಿಗೆ ಒಂದೇ. ನಿಮ್ಮ ಆತುರವನ್ನೇ ಗಮನಿಸಿ."

ರಾಯರು ಗಮನಿಸಿದರು. ಅವರ ಕ್ಯಾರಿಯರಿನಲ್ಲಿ ಹುಳಿ ತಣ್ಣಗಾಗುತ್ತಿತ್ತು.

ದ್ರಾಕ್ಷಿಯದ್ದೇನೂ ತಪ್ಪಿಲ್ಲ ಬಿಡಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಎಂಬವರು, ವರ್ಷಗಟ್ಟಲೆ ನೋವು ತಿಂದು ಔಷಧಿಗೂ ಬಗ್ಗದ ರೋಗಿಗಳಿಗೆ ಧ್ಯಾನದ ತರಬೇತಿ ಶುರುಮಾಡಿದರು. ಈ ದ್ರಾಕ್ಷಿ ಪಾಠ ಬಂದದ್ದು ಅಲ್ಲಿಂದಲೇ. ಹೋಗದ ನೋವಿನ ಜೊತೆ ಬಾಳುವುದನ್ನು ಕಲಿಸಿದರು. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ನೋವಿಗೆ ಮದ್ದಿರಲಿಲ್ಲ. ನಮ್ಮಲ್ಲಿ ಮದ್ದು ಇದೆ, ಸಾಹೇಬರ ಟೇಬಲ್ ಮೇಲೆ ಫೈಲಿನಲ್ಲಿ, ಸಹಿಗೆ ಕಾಯುತ್ತಾ.

ಪ್ರಶ್ನೋತ್ತರದಲ್ಲಿ ಡಿಸ್‌ಪ್ಯಾಚಿನ ಹುಡುಗಿ ಎದ್ದು ನಿಂತಳು. "ಸಾರ್, ಸೆಕ್ಷನ್ನಲ್ಲಿ ಮೂರು ಪೋಸ್ಟ್ ಖಾಲಿ. ಆ ಕೆಲಸವೂ ನಾನೇ ಮಾಡ್ತಿದೀನಿ."

"ಕೆಲಸ ಜಾಸ್ತಿ ಅನ್ನೋದು ಬರೀ ಒಂದು ಯೋಚನೆ ಅಮ್ಮಾ. ಮೋಡದ ಹಾಗೆ ಬರುತ್ತೆ, ಹೋಗುತ್ತೆ."

"ಬಂದು ಒಂದು ವರ್ಷ ಆಯ್ತು ಸಾರ್, ಹೋಗಿಲ್ಲ."

ಉಸಿರನ್ನು ಗಮನಿಸಲು ಹೇಳಿ ಕೂರಿಸಿದರು.

ಸರ್ಕಾರಗಳೇನು ಕಮ್ಮಿಯಿಲ್ಲ. ಮಧ್ಯಪ್ರದೇಶ 2016ರಲ್ಲೇ ಆನಂದಕ್ಕೆಂದು ಒಂದು ಇಲಾಖೆ ತೆರೆಯಿತು. ನಮ್ಮಲ್ಲೂ ಬಂದರೆ ಹೇಗಿರುತ್ತದೆಂದು ಯೋಚಿಸಿ: ಆನಂದಕ್ಕೆ ಆಧಾರ್ ಜೋಡಣೆ, ಸರ್ವರ್ ಡೌನ್, ನಾಳೆ ಬನ್ನಿ.

2025ರ ವಿಶ್ವ ಸಂತೋಷ ವರದಿಯಲ್ಲಿ 147 ದೇಶಗಳ ಪೈಕಿ ನಮ್ಮದು 118ನೆಯ ಸ್ಥಾನ. ಫಿನ್ಲೆಂಡ್ 2018ರಿಂದ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಯಾಕೆ ಅಂತ ವಿವರಿಸಲು ವರದಿಯವರು ನೋಡುವ ಕಾಲಂಗಳು ಆರು: ಆದಾಯ, ಕಷ್ಟಕ್ಕಾಗುವ ಜನ, ಆರೋಗ್ಯವಾಗಿ ಬದುಕುವ ವರ್ಷಗಳು, ಬೇಕಾದಂತೆ ಬದುಕುವ ಸ್ವಾತಂತ್ರ್ಯ, ದಾನಬುದ್ಧಿ, ಭ್ರಷ್ಟಾಚಾರ. ನಾನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಒಣದ್ರಾಕ್ಷಿಯ ಕಾಲಂ ಸಿಗಲಿಲ್ಲ.

ಕೊನೆಗೆ ಮೊಬೈಲಿಗೆ ಒಂದು ಫಾರಂ ಬಂತು. ನಿಮ್ಮ ಸಂತೋಷಕ್ಕೆ ಹತ್ತಕ್ಕೆ ಎಷ್ಟು ಅಂಕ? ಬೆನ್ನ ಹಿಂದೆ ಮ್ಯಾನೇಜರ್ ನಿಂತಿದ್ದರು. ಎಲ್ಲರೂ ಹತ್ತು ಒತ್ತಿದೆವು. ರಾಯರು ಲೆಕ್ಕದ ಮನುಷ್ಯ, ಹುಳಿ ತಣ್ಣಗಾಗಿದ್ದಕ್ಕೆ ಒಂದು ಕಳೆದು ಒಂಬತ್ತು ಒತ್ತಿದರು.

ಸೋಮವಾರ ಅವರಿಗೆ ಮೇಲ್ ಬಂತು. ಬರುವ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಮರುತರಬೇತಿ. ದ್ರಾಕ್ಷಿ ಅವರೇ ತರಬೇಕಂತೆ.