ಉಬ್ಬರಕ್ಕೆ ಬಾಗಿಲು ಹಾಕಿಕೊಳ್ಳುವ ಜೇಡ

ಜೇಡಕ್ಕೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದೇ ಎಲ್ಲರ ಲೆಕ್ಕ. ಬಚ್ಚಲುಮನೆಯ ಮೂಲೆಯಲ್ಲಿ ಕೂತ ಜೇಡದ ಮೇಲೆ ಒಂದು ಚೊಂಬು ನೀರು ಎರಚಿದರೆ ಅದು ಕಾಲು ಮುದುಡಿ ಉಂಡೆಯಾಗಿ ತೂಬಿನ ಕಡೆ ತೇಲಿಹೋಗುತ್ತದೆ. ಅದರ ಕಥೆ ಮುಗಿಯಿತು ಎಂದು ನಾವು ಬಾಗಿಲು ಎಳೆದುಕೊಳ್ಳುತ್ತೇವೆ. ಬಗ್ಗಿ ನೋಡಿದವರಿಗೆ ಮಾತ್ರ ಅದರ ಹೊಟ್ಟೆಯ ಸುತ್ತ ಬೆಳ್ಳಿ ಬಣ್ಣದ ಹೊಳಪು ಕಾಣುತ್ತದೆ. ಆ ಹೊಳಪು ಗಾಳಿಯದು. ಮೈಮೇಲಿನ ಒತ್ತಾದ ಸಣ್ಣ ಕೂದಲು ನೀರನ್ನು ಹೊರಗೇ ತಡೆದು ತೆಳುವಾದ ಗಾಳಿಯ ಪದರವೊಂದನ್ನು ಹಿಡಿದಿಟ್ಟುಕೊಂಡಿರುತ್ತದೆ. ಜೇಡ ಉಸಿರಾಡುವುದು ಬಾಯಿಯಿಂದಲ್ಲ, ಹೊಟ್ಟೆಯ ಅಡಿಯಲ್ಲಿರುವ ಸೀಳುಗಳಿಂದ. ಹಾಗಾಗಿ ಆ ಪದರ ಬೇಕಾದ ಜಾಗದಲ್ಲೇ ಇರುತ್ತದೆ. ಇಷ್ಟು ಸಣ್ಣ ಬಂಡವಾಳ ನಂಬಿಕೊಂಡು ಸಮುದ್ರಕ್ಕೇ ಹೋಗಿ ಮನೆ ಮಾಡಿದ ಜೇಡಗಳೂ ಇವೆ.

ಅವುಗಳ ಕುಟುಂಬದ ಹೆಸರು ಡೆಸಿಡೇ. 1895ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಇದನ್ನು ಪ್ರತ್ಯೇಕ ಕುಟುಂಬವೆಂದು ಗುರುತಿಸಿದರು. ಇಂದು ಇದರಲ್ಲಿ ಸುಮಾರು 300 ಪ್ರಭೇದಗಳಿವೆ. ಹೆಚ್ಚಿನವು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಕಡೆಯವು, ಮತ್ತು ಹೆಚ್ಚಿನವಕ್ಕೆ ಸಮುದ್ರದ ಗೊಡವೆಯೇ ಇಲ್ಲ. ಆಸ್ಟ್ರೇಲಿಯಾದ ಮನೆಗಳ ಕಿಟಕಿ ಸಂದಿಯಲ್ಲಿ ಕೊಳವೆಯಂಥ ಗೂಡಿನ ಸುತ್ತ ಚಿಂದಿ ಬಲೆ ಕಟ್ಟಿಕೊಂಡು, ಗೃಹಿಣಿಯರ ಪೊರಕೆಗೆ ಗುರಿಯಾಗುವ ಬಡುಮ್ನಾ ಎಂಬ ಕಪ್ಪು ಜೇಡವೂ ಇದೇ ಕುಟುಂಬದ್ದು. ಬಡುಮ್ನಾದ ಬಲೆಯಲ್ಲಿ ಅಂಟು ಇರುವುದಿಲ್ಲ. ನೂಲು ಬರುವ ಜಾಗದಲ್ಲಿ ಜರಡಿಯಂಥ ಒಂದು ತಟ್ಟೆ, ಹಿಂಗಾಲಿನಲ್ಲಿ ಒಂದು ಸಾಲು ಬಾಚಣಿಗೆ ಕೂದಲು: ಇವೆರಡರಿಂದ ಅತಿ ಸೂಕ್ಷ್ಮ ಎಳೆಗಳನ್ನು ಬಾಚಿ ಬಾಚಿ ಉಣ್ಣೆಯಂತೆ ನಯಮಾಡಿ ಎಳೆಯುತ್ತದೆ. ಹುಳದ ಕಾಲು ಆ ಉಣ್ಣೆಯಲ್ಲಿ ತೊಡರಿಕೊಳ್ಳುತ್ತದೆ. ಈ ಒಣ ಉಣ್ಣೆ ನೆನೆದರೆ ಮಾತ್ರ ಕೆಟ್ಟಿತು. ಎಳೆಗಳೆಲ್ಲ ಮುದ್ದೆಗಟ್ಟಿ ಹಿಡಿತ ಹೋಗುತ್ತದೆ.

ಕಡಲಿಗೆ ಇಳಿದ ಶಾಖೆಯ ಹೆಸರು ಡೆಸಿಸ್. ಅದಕ್ಕೆ ಆ ಜರಡಿಯೂ ಇಲ್ಲ, ಬಾಚಣಿಗೆಯೂ ಇಲ್ಲ. ದಿನಕ್ಕೆ ಎರಡು ಸಲ ಮುಳುಗುವ ಜಾಗದಲ್ಲಿ ಬೇಟೆಯ ಬಲೆ ನೇಯುವುದು ದಂಡ. ಡೆಸಿಸ್ ಬಲೆಯ ಸಹವಾಸವನ್ನೇ ಬಿಟ್ಟು ನಡೆದೇ ಬೇಟೆಯಾಡುತ್ತದೆ, ನೂಲನ್ನೆಲ್ಲ ಮನೆಗೆ ಖರ್ಚು ಮಾಡುತ್ತದೆ. ಬೇಟೆಗೆ ಅದು ನಂಬುವುದು ದವಡೆಯನ್ನು. ಬೇರೆ ಜೇಡಗಳ ದವಡೆ ಸಾಮಾನ್ಯವಾಗಿ ಕೆಳಮುಖವಾಗಿ ಇಳಿಬಿದ್ದಿರುತ್ತದೆ. ಡೆಸಿಸ್‌ನದು ತಲೆಯ ಮುಂದಕ್ಕೆ ಚಾಚಿ ನಿಂತಿರುತ್ತದೆ, ಇಡೀ ತಲೆ-ಎದೆಯ ಭಾಗದಷ್ಟೇ ಉದ್ದ ಎನ್ನಬಹುದು. ಒಂದು ಸೆಂಟಿಮೀಟರ್ ಆಸುಪಾಸಿನ ಈ ಬಡಕಲು ಪ್ರಾಣಿಗೆ ಇಷ್ಟು ದೊಡ್ಡ ಇಕ್ಕಳ ಯಾಕೆ ಎಂದು ಮೊದಲು ಅನ್ನಿಸುತ್ತದೆ. ಅದರ ಊಟ ನೋಡಿದರೆ ಅರ್ಥವಾಗುತ್ತದೆ. ಸಿಗಡಿಯ ದೂರದ ನೆಂಟರಾದ, ಚಿಗಟದಂತೆ ಚಂಗನೆ ನೆಗೆಯುವ ಗಟ್ಟಿ ಚಿಪ್ಪಿನ ಪುಟ್ಟ ಜೀವಿಗಳೇ ಅದರ ತಟ್ಟೆಗೆ ಬರುವುದು. ಮೊದಲ ಪಟ್ಟಿಗೇ ಹಿಡಿಯದಿದ್ದರೆ ಎರಡನೆಯ ಅವಕಾಶ ಸಿಗುವುದಿಲ್ಲ.

ಇವುಗಳಲ್ಲಿ ಚೆನ್ನಾಗಿ ಅಭ್ಯಾಸವಾಗಿರುವುದು ನ್ಯೂಜಿಲೆಂಡಿನ ಡೆಸಿಸ್ ಮರೀನಾ. ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಹೆಕ್ಟರ್ ಅದಕ್ಕೆ ಹೆಸರಿಟ್ಟರು. ಅದರ ನಿವಾಸ ವಿಚಿತ್ರದ್ದು. ದಕ್ಷಿಣ ದ್ವೀಪದ ಕೈಕೌರಾದಂಥ ಕಡೆ, ಅಲೆ ನೇರವಾಗಿ ಬಂದು ಬಡಿಯುವ ಬಂಡೆಗಳ ಮೇಲೆ ಬುಲ್ ಕೆಲ್ಪ್ ಎಂಬ ದೈತ್ಯ ಪಾಚಿ ಬೆಳೆಯುತ್ತದೆ. ಅದರ ಚರ್ಮದ ಪಟ್ಟಿಯಂಥ ಎಲೆಗಳು ಹಲವು ಮೀಟರ್ ಉದ್ದ. ಬುಡದಲ್ಲಿ ಬೇರಿನ ಬದಲು ಬಂಡೆಗೆ ಕಚ್ಚಿಕೊಂಡ ದಪ್ಪನೆಯ ಬಿಲ್ಲೆ ಇರುತ್ತದೆ. ಕಡಲಜೀವಿಗಳು ಆ ಬಿಲ್ಲೆಯನ್ನು ಕೊರೆದು ಕೊರೆದು ಒಳಗೆಲ್ಲ ಪೊಟರೆ ಮಾಡಿರುತ್ತವೆ. ಯಾರೋ ತೋಡಿದ ಆ ಪೊಟರೆಗೆ ಜೇಡ ಹೊಕ್ಕು, ಒಳಗೋಡೆಗೆಲ್ಲ ದಟ್ಟವಾಗಿ ನೂಲು ಹಾಸುತ್ತದೆ. ನೂಲಿಗೆ ನೀರು ಹಿಡಿಯುವುದಿಲ್ಲ. ಉಬ್ಬರ ಬರುವ ಮೊದಲು ಜೇಡ ಒಳಗೆ ಸೇರಿಕೊಂಡರೆ ಪೊಟರೆಯೊಳಗಿನ ಗಾಳಿ ಹಾಗೇ ಸಿಕ್ಕಿಬೀಳುತ್ತದೆ.

ಆ ಗಾಳಿಯ ಬೆಲೆ ಗೊತ್ತಾಗಬೇಕಾದರೆ ಒಂದು ಲೆಕ್ಕ ಸಾಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಕರಗಿರುವುದು ಐದಾರು ಮಿಲಿಲೀಟರ್. ಸುತ್ತಲೂ ಕಣ್ಣು ಹಾಯುವಷ್ಟು ದೂರ ನೀರಿದ್ದರೂ ಜೇಡದ ಮಟ್ಟಿಗೆ ಅದು ಬರಗಾಲವೇ. 1983ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೆಕ್‌ಕ್ವೀನ್ ಮತ್ತು ಮೆಕ್‌ಲೇ ಇದೇ ಪ್ರಶ್ನೆಯ ಬೆನ್ನು ಹತ್ತಿದರು. ಗೂಡಿನೊಳಗಿನ ಡೆಸಿಸ್ ಮರೀನಾ 19 ದಿನಗಳವರೆಗೂ ಮುಳುಗಿಯೇ ಬದುಕಬಲ್ಲದು ಎಂದು ಕಂಡುಬಂತು. ಅಲ್ಲಿ ಯಾವ ಮಾಯೆಯೂ ಇಲ್ಲ. ಪೊಟರೆಯಲ್ಲಿ ಗಾಳಿ ಬೇಕಾದಷ್ಟಿದೆ, ಜೇಡ ಅದನ್ನು ಜಿಪುಣತನದಿಂದ ಖರ್ಚು ಮಾಡುತ್ತದೆ. ಮಳೆಗಾಲಕ್ಕೆ ಮೊದಲೇ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಟ್ಟು, ಆಷಾಢದಲ್ಲಿ ಹೊಸ್ತಿಲು ದಾಟದ ಮಲೆನಾಡಿನ ಹಳೆಯ ಮನೆಯವರ ಜಾತಿಯದು ಇದು.

ಯುರೋಪ್ ಮತ್ತು ಏಷ್ಯಾದ ಕೊಳಗಳಲ್ಲಿ ಆರ್ಜಿರೊನೆಟಾ ಎಂಬ ಪ್ರಸಿದ್ಧ ನೀರುಜೇಡವಿದೆ. ನೀರಿನ ಗಿಡಗಳ ನಡುವೆ ನೂಲಿನ ಚಪ್ಪರ ಕಟ್ಟಿ, ಮೇಲಿನಿಂದ ಗುಳ್ಳೆ ಗುಳ್ಳೆಯಾಗಿ ಗಾಳಿ ಹೊತ್ತು ತಂದು ತುಂಬಿಸುತ್ತದೆ. ಪುಸ್ತಕಗಳಲ್ಲೆಲ್ಲ ಅದರದೇ ಚಿತ್ರ. ಗಾಳಿ ಹೊರುವ ಶ್ರಮಕ್ಕೆ ಅದಕ್ಕೆ ಮೆಚ್ಚುಗೆ ಸಲ್ಲಬೇಕು, ನಿಜ. ಆದರೆ ಸ್ವಂತ ಮೈಯಲ್ಲಿ ಒಂದು ಹನಿ ಬೆವರೂ ಇಳಿಸದೆ ಸಮುದ್ರವೇ ಇಳಿದುಹೋಗುವಾಗ ತಂತಾನೇ ಗೂಡಿಗೆ ಗಾಳಿ ತುಂಬಿಸಿಕೊಳ್ಳುವ ಡೆಸಿಸ್ ಹೆಚ್ಚು ಜಾಣ ಎಂದೇ ಹೇಳಬೇಕು. ಕೊಳದಲ್ಲಿ ಇಳಿತವಿಲ್ಲ, ಹಾಗಾಗಿ ಹೊರಬೇಕು. ಇಲ್ಲಿ ಚಂದ್ರನೇ ಆಳು.

ಹಾಗೆಂದು ಎಲ್ಲವೂ ಸಲೀಸಾಗಿ ನಡೆಯುತ್ತದೆ ಎನ್ನುವಂತಿಲ್ಲ. ಗುಳ್ಳೆಯೊಂದನ್ನು ನೀರಿನಲ್ಲಿ ಬರಿದೇ ಬಿಟ್ಟರೆ ಅದು ಕರಗುತ್ತ ಹೋಗುತ್ತದೆ. ಒಳಗಿನ ಆಮ್ಲಜನಕ ಖರ್ಚಾದಷ್ಟೂ ಉಳಿದ ಸಾರಜನಕದ ಒತ್ತಡ ಏರಿ ನೀರಿಗೆ ಸೋರುತ್ತದೆ, ಗುಳ್ಳೆ ಚಿಕ್ಕದಾಗುತ್ತದೆ. ಸುತ್ತ ಗಟ್ಟಿ ಗೋಡೆ, ಒಳಗೆ ನೂಲಿನ ಅಸ್ತರಿ ಇದ್ದರೆ ಮಾತ್ರ ಗಾಳಿ ಬಹುಕಾಲ ನಿಲ್ಲುತ್ತದೆ. ಅಸ್ತರಿ ಹರಿದಿದ್ದರೆ ನೀರು ನುಗ್ಗಿ ಎಲ್ಲ ಹಾಳು. ಬಿರುಗಾಳಿಯಲ್ಲಿ ಕೆಲ್ಪ್‌ನ ಬುಡವೇ ಕಿತ್ತುಬಂದು ದಡಕ್ಕೆ ಬಿದ್ದರೆ ಪೊಟರೆಯೊಳಗಿನವರೆಲ್ಲ ಬಿಸಿಲಿಗೆ ಬೇಯಬೇಕು, ಇಲ್ಲವೇ ತೇಲುವ ಕೆಲ್ಪ್ ಹೋದಲ್ಲಿಗೆ ಹೋಗಬೇಕು. ಬುಲ್ ಕೆಲ್ಪ್ ತೇಲುವ ಜಾತಿ. ಅದರ ಬುಡದಲ್ಲಿ ಕೂತ ಸಣ್ಣಪುಟ್ಟ ಜೀವಿಗಳು ಟಿಕೆಟ್ಟಿಲ್ಲದೆ ಸಾಗರ ದಾಟಿದ ಉದಾಹರಣೆಗಳಿವೆ.

ಎಲ್ಲ ಡೆಸಿಸ್‌ಗಳೂ ಕೆಲ್ಪ್ ಗಿರಾಕಿಗಳಲ್ಲ. ದಕ್ಷಿಣ ಆಫ್ರಿಕಾದ ಒಂದು ಜಾತಿ ಸತ್ತ ಶಂಖುಗಳ ಟೊಪ್ಪಿಯಂಥ ಚಿಪ್ಪಿನಡಿಯಲ್ಲಿ ಸಂಸಾರ ಹೂಡುತ್ತದೆ. ಉಷ್ಣವಲಯದವು ಹವಳದ ತುಂಡುಗಳ ತೂತಿನಲ್ಲಿರುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಪೋರ್ಟ್ ಡಗ್ಲಸ್‌ನಲ್ಲಿ 2009ರ ಜನವರಿಯ ಒಂದು ರಾತ್ರಿ, ಇಳಿತದ ಹೊತ್ತಿನಲ್ಲಿ, ಮಿದುಳಿನಂಥ ಹವಳದ ಮೇಲೆ ಒಂದು ಸಿಕ್ಕಿತು. 2017ರಲ್ಲಿ ಬಾರ್ಬರಾ ಬೇರ್, ರಾಬರ್ಟ್ ರೇವನ್ ಮತ್ತು ಡ್ಯಾನಿಲೊ ಹಾರ್ಮ್ಸ್ ಅದಕ್ಕೆ ಡೆಸಿಸ್ ಬಾಬ್‌ಮಾರ್ಲೇಯೀ ಎಂದು ನಾಮಕರಣ ಮಾಡಿದರು. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಹಾಡೊಂದರಲ್ಲಿ ಉಬ್ಬರ ಇಳಿತ ಎರಡರಲ್ಲೂ ಜೊತೆಗಿರುವ ಮಾತು ಬರುತ್ತದೆ. ಲ್ಯಾಟಿನ್ ಹೆಸರಿಡುವವರಿಗೂ ಹಾಡು ಗುನುಗುವ ಚಪಲ ಇರುತ್ತದೆ ಎನ್ನುವುದಕ್ಕೆ ಇಷ್ಟು ಸಾಕು.

ನಮ್ಮ ದೇಶದವೂ ಇವೆ. ಲಕ್ಷದ್ವೀಪದಿಂದ ಬಂದ ಮಾದರಿಗೆ 1904ರಲ್ಲಿ ಪೊಕಾಕ್ ಡೆಸಿಸ್ ಗಾರ್ಡಿನೇರಿ ಎಂಬ ಹೆಸರಿಟ್ಟರು. ಹೆಸರಿನಲ್ಲಿರುವುದು ಆ ದ್ವೀಪಗಳಿಗೆ ಯಾತ್ರೆ ಕೈಗೊಂಡಿದ್ದ ಸ್ಟಾನ್ಲಿ ಗಾರ್ಡಿನರ್. ಮದರಾಸಿನ ವಸ್ತುಸಂಗ್ರಹಾಲಯದಲ್ಲಿದ್ದ ಗ್ರೇವ್ಲಿ 1927ರಲ್ಲಿ ಇನ್ನೊಂದನ್ನು, ಡೆಸಿಸ್ ಇನರ್ಮಿಸ್ ಅನ್ನು, ಬಣ್ಣಿಸಿದರು. ನಮ್ಮ ಕಾರವಾರದಿಂದ ಸೋಮೇಶ್ವರದ ತನಕ ಕರಾವಳಿಯಲ್ಲಿ ಮರಳ ದಂಡೆಯ ನಡುವೆ ಬಂಡೆಯ ಕೋಡುಗಳಿವೆ. ನೀಲಿಕಲ್ಲು, ಕಲ್ಗದಂಥ ಚಿಪ್ಪುಜೀವಿಗಳನ್ನು ಕೀಳುವವರು ಇಳಿತದಲ್ಲಿ ಆ ಬಂಡೆಗಳ ಮೇಲೆ ನಿತ್ಯವೂ ಓಡಾಡುತ್ತಾರೆ. ಕಣ್ಣು ಪಳಗಿದವರು ಅವರೇ. ಬಂಡೆಯ ಸಂದಿಯಲ್ಲಿ ನೂಲಿನ ಬಿಳಿ ಪದರ ಕಂಡರೆ ಅವರಿಗಿಂತ ಬೇಗ ಪತ್ತೆ ಹಚ್ಚುವವರಿಲ್ಲ.

ಹುಡುಕುವುದಕ್ಕೂ ಒಂದು ಕ್ರಮವಿದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ಎರಡು ಮೂರು ದಿನ ನೀರು ಅತಿ ಹೆಚ್ಚು ಇಳಿಯುತ್ತದೆ, ಆಗ ಮಾತ್ರ ಕೆಳಗಿನ ಬಂಡೆ ಬಯಲಾಗುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆಯ ಗಡಿಯಾರ ಇಂದಿಗೆ ಸಲ್ಲದು. ಉಬ್ಬರ-ಇಳಿತದ ಪಟ್ಟಿ ನೋಡಿಕೊಂಡು, ಇಳಿತಕ್ಕೆ ಒಂದು ಗಂಟೆ ಮೊದಲೇ ಇಳಿದು, ನೀರು ಏರತೊಡಗಿದ ಕೂಡಲೇ ಹಿಂತಿರುಗಬೇಕು. ಜೇಡ ಬೇಟೆಗೆ ಹೊರಬೀಳುವುದು ಕತ್ತಲಲ್ಲಿ, ಹಾಗಾಗಿ ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು. ಬಿಡಿಕಲ್ಲನ್ನು ಎತ್ತಿದರೆ ಅಡಿಭಾಗ ನೋಡಿ, ಮೇಲ್ಮುಖ ಮೇಲೆಯೇ ಇರುವಂತೆ ಇದ್ದಲ್ಲೇ ಇಡಬೇಕು. ತಿರುವಿಹಾಕಿ ಹೋದರೆ ಅಡಿಯಲ್ಲಿ ಅಂಟಿಕೊಂಡು ಬಾಳುವ ಸ್ಪಂಜು, ಮೇಲೆ ಬೆಳೆದ ಪಾಚಿ ಎರಡೂ ಸಾಯುತ್ತವೆ. ಜೀವಂತ ಹವಳವನ್ನಂತೂ ಮುಟ್ಟುವ ಹಾಗೇ ಇಲ್ಲ, ವನ್ಯಜೀವಿ ಕಾಯ್ದೆಯಡಿ ಅದಕ್ಕೆ ರಕ್ಷಣೆಯಿದೆ.

ಜೇಡ ಸಿಕ್ಕಿತೆಂದು ಕುಣಿಯುವವರು ಮಾಡುವ ಎಡವಟ್ಟು ಎಂದರೆ ಮರಿಯ ಚಿತ್ರ ತೆಗೆದು ಹೆಸರು ಕೇಳುವುದು. ಜೇಡದ ಪ್ರಭೇದ ಹೇಳಲು ಬಲಿತ ಗಂಡಿನ ಬಾಯಿಯ ಬಳಿ ಇರುವ ಪುಟ್ಟ ಕೈಯಂಥ ಅಂಗದ ತುದಿಯ ರಚನೆ, ಇಲ್ಲವೇ ಬಲಿತ ಹೆಣ್ಣಿನ ಹೊಟ್ಟೆಯಡಿಯ ಜನನಾಂಗದ ತಟ್ಟೆ ಬೇಕು. ಮರಿಯಲ್ಲಿ ಎರಡೂ ಮೂಡಿರುವುದಿಲ್ಲ. ಬೆನ್ನ ಮೇಲಿನ ಬಣ್ಣದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಸಾಲದು. ಹೊಟ್ಟೆಯಡಿಯದೂ, ಮುಂದೆ ಚಾಚಿದ ದವಡೆಯನ್ನು ಬದಿಯಿಂದ ತೆಗೆದದ್ದೂ ಇದ್ದರೆ ತಜ್ಞರು ಕುಲವನ್ನಾದರೂ ಹೇಳಿಯಾರು.