ಟ್ಯಾಬ್ ಮುಚ್ಚಿದ ಮೇಲೆ ಎಲ್ಲಿಗೆ?

ಕ್ರೋಮ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್ ತೆರೆಯಿರಿ. ನಡುವಿನ ಒಂದರ ಇಂಟು ಗುರುತಿನ ಮೇಲೆ ಮೌಸ್ ಇಟ್ಟು, ಕೈ ಅಲ್ಲಾಡಿಸದೆ ಟಕಟಕ ಕ್ಲಿಕ್ ಮಾಡುತ್ತಾ ಹೋಗಿ. ಒಂದು ಮುಚ್ಚಿದ ಕೂಡಲೇ ಮುಂದಿನದರ ಇಂಟು ಸರಿಯಾಗಿ ಮೌಸ್ ಕೆಳಗೇ ಬಂದು ನಿಲ್ಲುತ್ತದೆ. ಜಾಗ ಖಾಲಿಯಾಗಿದ್ದರೂ ಉಳಿದ ಟ್ಯಾಬ್‌ಗಳು ತಕ್ಷಣ ಅಗಲವಾಗುವುದಿಲ್ಲ. ಮೌಸ್ ಆ ಪಟ್ಟಿಯಿಂದ ಕೆಳಗಿಳಿಯುವ ತನಕ ಕಾಯುತ್ತವೆ. ಸಾಲಿನ ಕೊನೆಯ ಟ್ಯಾಬ್ ಮುಚ್ಚಿದರೆ ಮಾತ್ರ ಲೆಕ್ಕ ಉಲ್ಟಾ. ಅದರ ಬಲಕ್ಕೆ ಇನ್ನೊಂದಿಲ್ಲವಲ್ಲ, ಹಾಗಾಗಿ ಉಳಿದವೇ ಹಿಗ್ಗಿ ಇಂಟು ಗುರುತನ್ನು ಅದೇ ಜಾಗಕ್ಕೆ ತಂದುಕೊಡುತ್ತವೆ.

ವರ್ಷಗಟ್ಟಲೆ ಬಳಸಿದ್ದೇನೆ, ಇದನ್ನು ಗಮನಿಸಿಯೇ ಇರಲಿಲ್ಲ. ಇದೆಲ್ಲ ಇಲ್ಲದ ಒಂದು ಆ್ಯಪ್‌ನಲ್ಲಿ ಬೇಡದ್ದನ್ನು ಮುಚ್ಚಲು ಹೋಗಿ ಬೇಕಾದ್ದನ್ನೇ ಮುಚ್ಚಿದಾಗ ಅರ್ಥವಾಯಿತು.

ಟ್ಯಾಬ್ ವಿನ್ಯಾಸ ಅಂದರೆ ನಾವು ಬಣ್ಣ, ಮೂಲೆ ಗುಂಡಗಿದೆಯೋ ಚೂಪಾಗಿದೆಯೋ ಅಂತ ಜಗಳ ಆಡುತ್ತೇವೆ. ನನಗೆ ಮುಖ್ಯ ಅನಿಸುವುದು ಮುಚ್ಚುವ ಗಳಿಗೆ. ಈಗ ನನ್ನನ್ನು ಎಲ್ಲಿಗೆ ಕಳಿಸುತ್ತೀಯಪ್ಪಾ? ಎಡಕ್ಕೋ, ಬಲಕ್ಕೋ? ಲೇಖನ ಓದುತ್ತಾ ಒಂದು ಲಿಂಕನ್ನು ಹೊಸ ಟ್ಯಾಬ್‌ನಲ್ಲಿ ತೆರೆದು ಅಲ್ಲಿಗೆ ಹೋಗುತ್ತೇನೆ. ಅದನ್ನು ಮುಚ್ಚಿದರೆ ಲೇಖನಕ್ಕೇ ವಾಪಸ್ ಬರಬೇಕು. ಆದರೆ ನಡುವೆ ನಾನೇ ಬೇರೆ ಟ್ಯಾಬ್‌ಗೆ ಹೋಗಿ ಸುತ್ತಾಡಿ ಬಂದಿದ್ದರೆ? ಆಗ ಆ ಹಳೇ ನಂಟು ಹಿಡಿದುಕೊಂಡು ಎಲ್ಲಿಗೋ ಎಸೆಯಬಾರದು. ಒಳ್ಳೆಯ ಬ್ರೌಸರ್‌ಗಳು ಆ ನಂಟನ್ನು ಮರೆತುಬಿಡುತ್ತವೆ. ನೆನಪಿಡುವುದು ಸುಲಭ. ಯಾವಾಗ ಮರೆಯಬೇಕು ಅನ್ನೋದಕ್ಕೆ ಯಾರೋ ತಲೆ ಕೆಡಿಸಿಕೊಂಡು ಕೂತಿರಬೇಕು, ಅಲ್ವಾ?

ಕೀಲಿಮಣೆಯಿಂದ ಟ್ಯಾಬ್ ಬದಲಿಸುವ ಕಂಟ್ರೋಲ್-ಟ್ಯಾಬ್ ವಿಷಯದಲ್ಲಿ ಮಾತ್ರ ಒಮ್ಮತವೇ ಇಲ್ಲ. ಸಾಲಿನ ಪ್ರಕಾರ ಪಕ್ಕದ ಟ್ಯಾಬ್‌ಗೆ ಹೋಗಬೇಕೋ, ಈಗಷ್ಟೇ ಬಿಟ್ಟುಬಂದ ಟ್ಯಾಬ್‌ಗೋ? ಫೈರ್‌ಫಾಕ್ಸ್ ಎರಡನ್ನೂ ಕೊಟ್ಟು ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೋ ಅನ್ನುತ್ತದೆ. ನನ್ನ ಓಟು ಸಾಲಿಗೆ. ಸಾಲು ಕಣ್ಣೆದುರಿಗೇ ಇರುವಾಗ ಬೆರಳು ಬೇರೆ ಲೆಕ್ಕ ಹಾಕುವುದು ಯಾಕೆ? ವಿಂಡೋ ಬದಲಿಸುವ ಆಲ್ಟ್-ಟ್ಯಾಬ್ ಬೇರೆ. ಅಲ್ಲಿ ಸಾಲು ಕಾಣುವುದೇ ಕೀಲಿ ಒತ್ತಿದ ಮೇಲೆ.

ಟ್ಯಾಬ್ ಜಾಸ್ತಿಯಾದಾಗಲೂ ಇದೇ ತಕರಾರು. ಕ್ರೋಮ್ ಹಿಂಡುತ್ತಾ ಹೋಗಿ ಕೊನೆಗೆ ಐಕಾನ್ ಮಾತ್ರ ಉಳಿಸುತ್ತದೆ. ಒಂದೇ ಸೈಟಿನ ಹತ್ತು ಪುಟ ತೆರೆದಿದ್ದರೆ ಹತ್ತೂ ಅವಳಿಗಳು. ಫೈರ್‌ಫಾಕ್ಸ್ ಒಂದು ಅಗಲಕ್ಕಿಂತ ಕಿರಿದಾಗಲು ಬಿಡದೆ ಸಾಲನ್ನೇ ಪಕ್ಕಕ್ಕೆ ಸರಿಸುತ್ತದೆ. ಅರ್ಧ ಹೆಸರಾದರೂ ಓದಬಹುದು, ನನಗೆ ಅದೇ ವಾಸಿ. 2025ರಲ್ಲಿ ಅದಕ್ಕೆ ಪರದೆಯ ಬದಿಯಲ್ಲಿ ಮೇಲಿಂದ ಕೆಳಕ್ಕೆ ನಿಲ್ಲುವ ಉದ್ದುದ್ದ ಸಾಲೂ ಬಂತು. ಮೈಕ್ರೋಸಾಫ್ಟ್‌ನ ಎಡ್ಜ್‌ನಲ್ಲಿ 2021ರಿಂದಲೇ ಇದೆ. ಪರದೆಗಳು ಅಗಲವಾಗಿ ಎಷ್ಟೋ ಕಾಲವಾಯಿತು, ಈ ಬುದ್ಧಿ ಇಷ್ಟು ತಡವಾಗಿ ಬಂತಲ್ಲ ಅನ್ನೋದೇ ಬೇಜಾರು.

ಫೋನಿನಲ್ಲಿ ಸಾಲೇ ಇಲ್ಲ, ಬರೀ ಒಂದು ಚೌಕದೊಳಗೆ ಎಣಿಕೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಆ ಎಣಿಕೆ 99 ದಾಟಿದರೆ ಅಂಕಿ ಹೋಗಿ ಒಂದು ನಗುಮುಖ ಬರುತ್ತದೆ. ನನ್ನ ಫೋನ್ ಹಲವು ತಿಂಗಳಿಂದ ನಗುತ್ತಲೇ ಇದೆ.